ಕೂರಿಗೆ ಬಟ್ಟಲಿನ ಮೇಲಿನ ಕೈ

ಯರಗುಪ್ಪಿ, 18 ಜನವರಿ 1984, ಬುಧವಾರ

ಸಿಟ್ಟು ಇನ್ನೂ ಇಳಿದಿಲ್ಲ. ಊಟವೂ ಸೇರಲಿಲ್ಲ.

ಸಂಜೆ ಶಾಲೆಯ ಅಂಗಳದಲ್ಲಿ ನಾನು ಬರೆದ ನಾಟಕದ ತಾಲೀಮು. ಅದರಲ್ಲಿ ರಾಜಕುಮಾರ ಬಿತ್ತುವ ಕೂರಿಗೆಯನ್ನೇ ಯುದ್ಧಯಂತ್ರ ಮಾಡಿ, ಅದರ ಮೂರು ಬಿದಿರು ಕೊಳವೆಗಳಿಂದ ಕೋಟೆಯ ಮೆಟ್ಟಿಲ ಮೇಲೆ ಕಡಲೆ ಸುರಿಸಬೇಕು. ಶತ್ರುಗಳು ಜಾರಿ ಬೀಳಬೇಕು. ಆಮೇಲೆ ಅವನ ಕೋಲುವರಸೆ. ಆ ಪಾತ್ರ ಮಡಿವಾಳೆಪ್ಪನದು. ಗುಡಗೇರಿಯಲ್ಲಿ ಕಾಳಿನ ವ್ಯಾಪಾರ ಮಾಡುವವನು, ಕೂರಿಗೆಯ ಹಿಂದೆ ಒಂದು ದಿನವೂ ನಡೆದವನಲ್ಲ. ಕೊಳವೆಗಳ ಮೇಲಿನ ಬಟ್ಟಲಿಗೆ ಬೊಗಸೆಗಟ್ಟಲೆ ಕಡಲೆ ಸುರಿದ. ಮೂರೂ ಕೊಳವೆ ಕಟ್ಟಿಕೊಂಡವು. ಶತ್ರುಗಳು ಕೋಲು ಹಿಡಿದು, ಬೀಳಲು ಕಾಯುತ್ತ ನಿಂತರು.

ನೋಡಲು ಬಂದಿದ್ದ ರೇಣುಕವ್ವ ಎದ್ದು ಬಂದಳು. ಹದಿನೈದು ವರ್ಷದಿಂದ ನಮ್ಮ ಹೊಲದಲ್ಲಿ ಬೀಜ ಬಿಡುವವಳು ಅವಳೇ.

"ಮುಷ್ಟಿ ಸಡ್ಲ ಮಾಡ್ರಿ, ಕಾಳು ಬೆರಳಸಂದ್ಯಾಗ ಇಳೀಬೇಕು," ಎಂದು ತಾನೇ ಬಿಟ್ಟು ತೋರಿಸಿದಳು. ಕಡಲೆ ಮೂರು ಸಾಲಾಗಿ ಹರಿಯಿತು. ಕೋಲುವರಸೆ ಕಲಿಸುವ ಹುಲಿಗೆಪ್ಪನೇ ನಿಜವಾಗಿ ಜಾರಿ ಬಿದ್ದ.

"ಈ ಪಾತ್ರ ಆಕಿಗೇ ಕೊಡೂಣು," ಎಂದ, ಮಣ್ಣು ಕೊಡವಿಕೊಳ್ಳುತ್ತ.

ಮಡಿವಾಳೆಪ್ಪ ನಕ್ಕ. "ಹೆಂಗಸು ಯಂತ್ರ ಮಾಡಿದ್ಲು ಅಂದ್ರ ಮಂದಿ ನಂಬ್ತಾರೇನ್ರಿ, ಮಾಸ್ತರ? ಆಕಿ ಪರದೆ ಹಿಂದ ಕುಂತು ಕಾಳು ಬಿಡ್ಲಿ. ನಾ ಮುಂದ ನಿಂದರ್ತೀನಿ."

ಎಂಥ ಸೊಕ್ಕು. ನಾನೋ, ಆಗಲಿ ಎಂದು ತಲೆಯಾಡಿಸಿದೆ.

ರೇಣುಕವ್ವ ಚೆಲ್ಲಿದ ಕಡಲೆಯನ್ನು ಆರಿಸುತ್ತ ಕೇಳಿದಳು: "ಈ ಯಂತ್ರ ನಿಮಗ ಹೆಂಗ ಹೊಳೀತ್ರಿ, ಮಾಸ್ತರ?"

"ಹಂಗ ಸುಮ್ನ ಹೊಳೀತವ್ವಾ," ಎಂದೆ.

ಈ ಹಿಂಗಾರಿ ಬಿತ್ತನೆಯಲ್ಲಿ ಬದುವಿನ ಮೇಲೆ ಕೂತು ಇಡೀ ದಿನ ಅವಳ ಕೈಯನ್ನೇ ನೋಡಿದ್ದೆ. ಮಡಿವಾಳೆಪ್ಪನನ್ನು ಬೈಯಲೆಂದೇ ಈ ಪುಟ ತೆರೆದೆ, ಆದರೆ ಅವಳನ್ನು ಮೊದಲು ಪರದೆಯ ಹಿಂದೆ ಕೂರಿಸಿದವನು ನಾನೇ.