ಕೆಂಪು ದಾರದ ಬಾಟಲಿ

ಮೈಸೂರು, ೯-೪-೧೯೯೬

ನೀಲಕಂಠಸ್ವಾಮಿ ಅಣ್ಣನವರಿಗೆ ಶಾಂತರಾಜು ಮಾಡುವ ನಮಸ್ಕಾರಗಳು.

ಗಂಟಲು ಸುಟ್ಟು ದನಿ ಹೋಗಿದೆ. ಆಸ್ಪತ್ರೆಯಲ್ಲಿ ಎಲ್ಲವನ್ನೂ ಬರೆದೇ ಹೇಳುತ್ತಿದ್ದೇನೆ. ಗುಂಡ್ಲುಪೇಟೆಯ ನಿಮ್ಮ ಮಳಿಗೆಯಿಂದ ನನ್ನ ಗ್ಯಾರೇಜನ್ನು ಈ ತಿಂಗಳೇ ಖಾಲಿ ಮಾಡುತ್ತೇನೆ. ಹಳೇ ಬ್ಯಾಟರಿ, ಆಸಿಡ್ ಎಲ್ಲವನ್ನೂ ಒಯ್ಯಲು ಚಾಮರಾಜನಗರದ ಬ್ಯಾಟರಿ ಅಂಗಡಿಯವರು ಸೋಮವಾರ ಬರುತ್ತಾರೆ. ಅಲ್ಲಿಯವರೆಗೆ ಯಾರೂ ಏನನ್ನೂ ಮೋರಿಗೆ ಸುರಿಯದಂತೆ ನೋಡಿಕೊಳ್ಳಿ. ಆ ನೀರು ಕಟ್ಟೆಗೆ ಹೋಗುತ್ತದೆ, ದನ ಕುಡಿಯುತ್ತವೆ.

ಗ್ಯಾರೇಜಿನ ಕಿಟಕಿಯಲ್ಲಿ ಕುತ್ತಿಗೆಗೆ ಕೆಂಪು ದಾರ ಕಟ್ಟಿದ ಗಾಜಿನ ಬಾಟಲಿ ಇದೆ. ಕುಡಿಯುವ ನೀರಿನ ಬಾಟಲಿ ಗ್ಯಾರೇಜಿನ ಬಾಟಲಿಗಳ ಜೊತೆ ಬೆರೆಯಬಾರದೆಂದು ನನ್ನ ಹೆಂಡತಿ ಮೂಗಮ್ಮ ಗುರುತಿಗೆ ಕಟ್ಟಿದ ದಾರ ಅದು. ಆಸಿಡ್ ಕ್ಯಾನು ಸೋರಿದ ದಿನ ಉಳಿದದ್ದನ್ನು ನಾನೇ ಆ ಬಾಟಲಿಗೆ ಬಗ್ಗಿಸಿಟ್ಟೆ. ಮಾರನೇ ದಿನ ಅದನ್ನು ಮರೆತು, ದಾರ ನೋಡಿ, ನೀರೆಂದು ಎತ್ತಿ ಕುಡಿದೆ.

“ನಾ ಕಟ್ಟಿದ್ ದಾರ ಬಿಚ್ಚೋಗಿತ್ತಾ, ಯೋಳಿ” ಎಂದು ಅವಳು ಕೇಳಿದಾಗ ನಾಚಿಕೆಯಿಂದ ಹೌದೆಂದು ತಲೆಯಾಡಿಸಿಬಿಟ್ಟೆ. ಅಂದಿನಿಂದ ಅವಳು ತನ್ನ ಕೈಯನ್ನೇ ಬೈದುಕೊಳ್ಳುತ್ತಿದ್ದಾಳೆ. ನಿಜ ಬರೆದು ತೋರಿಸೋಣವೆಂದರೆ ಅವಳಿಗೆ ಓದಲು ಬರುವುದಿಲ್ಲ. ಬೇರೆಯವರ ಬಾಯಲ್ಲಿ ಹೇಳಿಸಲು ನನಗೆ ಮುಖವಿಲ್ಲ.

ಬಟ್ಟೆಬರೆ ಒಯ್ಯಲು ಅವಳು ಮಂಗಳವಾರ ಊರಿಗೆ ಬರುತ್ತಾಳೆ. ಬಾಟಲಿಯಲ್ಲಿ ಉಳಿದದ್ದನ್ನು ಸೋಮವಾರವೇ ಬ್ಯಾಟರಿಯವರ ಕ್ಯಾನಿಗೆ ಹಾಕಿಸಿಬಿಡಿ. ಬಾಟಲಿಯನ್ನು ಯಾರೂ ತೊಳೆದು ಬಳಸುವುದು ಬೇಡ, ಒಡೆದು ಹೂಳಿಸಿ. ಒಡೆಯುವ ಮುಂಚೆ ಒಂದು ಸಲ, ಮುಟ್ಟಗೊಡದೆ, ಅವಳಿಗೆ ತೋರಿಸಿ. ಅವಳು ಹಾಕಿದ ಗಂಟು ಇದ್ದ ಹಾಗೇ ಇದೆ.

ಇದೊಂದು ಉಪಕಾರ ಬೇಡುವ,
ಶಾಂತರಾಜು