ಪ್ರಸಾದ ತಿಂದು ಹೋದ ಸೋಮವಾರ

ಗುಳೇದಗುಡ್ಡ, ಕ್ರಿ.ಶ. 2261, ಹದಿಮೂರನೆಯ ತಿಂಗಳ ನಾಲ್ಕು.

ಗುರುಬಸವ್ವನವರಿಗೆ ಶರಣು. ವರ್ಷಕ್ಕೆ ಹದಿಮೂರು ತಿಂಗಳೆಂದರೆ ನಿಮಗೆ ನಗು ಬರಬಹುದು. ನನ್ನ ಕನ್ನಡವೂ ವಿಚಿತ್ರವಾಗಿ ಕೇಳಿಸೀತು, ಹೊಟ್ಟೆಗೆ ಹಾಕಿಕೊಳ್ಳಿ.

ಹಳೆಯ ಆಸ್ಪತ್ರೆ ಕಾಗದಗಳನ್ನು ಓದಿ ಜೋಡಿಸಿಡುವುದು ನನ್ನ ಕೆಲಸ. ನಮ್ಮಲ್ಲಿ ಹುಟ್ಟುಹಬ್ಬದ ದಿನ ಎಲ್ಲರೂ ‘ಒಳಗಣ್ಣು’ ನುಂಗುತ್ತೇವೆ. ಅದು ಜೋಳದ ಕಾಳಿನಷ್ಟು ಕ್ಯಾಮೆರಾ. ಗಂಟಲಿನಿಂದ ಕೊನೆಯವರೆಗೆ ನೋಡಿಕೊಂಡು ತಾನೇ ಹೊರಗೆ ಹೋಗುತ್ತದೆ. ಮಕ್ಕಳು ಬೆಲ್ಲದ ಜೊತೆ ನುಂಗುತ್ತಾರೆ, ಹಿರಿಯರು ಗೊಣಗುತ್ತಾ ನುಂಗುತ್ತಾರೆ. ನಿಮ್ಮ ಕಾಲದಲ್ಲಿ ಕಿರುಬೆರಳಿನ ಗಾತ್ರದ ಕೊಳವೆಯನ್ನು ಬಾಯಿಯಿಂದ ಇಳಿಸುತ್ತಿದ್ದರು. ನಿಮ್ಮ ಜಠರದಲ್ಲಿ ಅದಕ್ಕೆ ಕಂಡದ್ದು ಕಡಲೆಕಾಳಿನಷ್ಟು ಗಡ್ಡೆ, ಇನ್ನೂ ಒಳಪದರ ದಾಟದ್ದು. ಡಾಕ್ಟರು ಅದರ ಅಡಿಗೆ ಉಪ್ಪುನೀರು ಚುಚ್ಚಿ, ಬೊಬ್ಬೆಯಂತೆ ಉಬ್ಬಿಸಿ, ಕೊಳವೆಯೊಳಗಿನ ಸಣ್ಣ ಚಾಕುವಿನಿಂದ ಸುತ್ತ ಕೊಯ್ದು ಎತ್ತಬೇಕಿತ್ತು. ಹೊಟ್ಟೆಯ ಮೇಲೆ ಗಾಯವಿಲ್ಲ, ಹೊಲಿಗೆಯಿಲ್ಲ.

ಅದಕ್ಕೆಂದು ನೀವು ಆಸ್ಪತ್ರೆಗೆ ಹೋದ ಸೋಮವಾರ ನರ್ಸ್ “ಏನರ ತಿಂದೀರೇನ್ರಿ?” ಎಂದಾಗ ನೀವು ಇಲ್ಲವೆಂದಿರಿ. ಸುಳ್ಳು ಹೇಳಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಒಂದು ಹಿಡಿ ಸಜ್ಜಕದ ಪ್ರಸಾದ ತೆಗೆದುಕೊಂಡಿದ್ದಿರಿ. ಪ್ರಸಾದ ನಿಮ್ಮ ಪಾಲಿಗೆ ತಿಂಡಿಯಲ್ಲ. ಕೊಳವೆಗೆ ಅದು ಸಜ್ಜಕವಾಗಿಯೇ ಕಂಡಿತು. ಉಸಿರಿನ ದಾರಿಗೆ ಹೋದೀತೆಂದು ಡಾಕ್ಟರು ಅರ್ಧಕ್ಕೇ ನಿಲ್ಲಿಸಿ, ಶುಕ್ರವಾರ ಬರಹೇಳಿದರು. ಮನೆಗೆ ಬಂದು ನೀವು ಆಡಿದ ಮಾತು ನಿಮ್ಮ ಯಜಮಾನರ ಡೈರಿಯಲ್ಲಿದೆ: “ದೇವರ ಬ್ಯಾಡಂತ ತಡದಾನ. ನೋವಿಲ್ಲ ಏನಿಲ್ಲ, ಮಲಗಿದ ಹಾವು ಯಾಕ ಕೆಣಕೂದ್ರಿ?”

ನೀವು ಹೋಗಲಿಲ್ಲ. ಹಾವು ಮಲಗಿರಲಿಲ್ಲ. ಮೂರೇ ವರ್ಷಕ್ಕೆ ನಿಮ್ಮ ಮಗಳು ಶಿವಲೀಲಾ ತಬ್ಬಲಿಯಾದಳು, ಒಂಬತ್ತರ ವಯಸ್ಸಿಗೆ. ಅದನ್ನು ಓದಿದ ದಿನ ನನಗೆ ನಿಮ್ಮ ಮೇಲೆ ಸಿಟ್ಟೇ ಬಂದಿತ್ತು.

ನಮ್ಮಲ್ಲಿ ಈಗ ಕಾಗದವನ್ನು ಹಿಂದಿನ ಕಾಲಕ್ಕೂ ಕಳಿಸಬಹುದು. ಇದು ಆ ಶುಕ್ರವಾರಕ್ಕೆ ಮುಂಚೆ, ಗುರುವಾರದೊಳಗೆ ನಿಮ್ಮ ಕೈ ಸೇರಬೇಕು. ಪೂಜೆ ಬಿಡಬೇಡಿ. ಪ್ರಸಾದವನ್ನು ಮಾತ್ರ ಮುಚ್ಚಿಟ್ಟು ಹೋಗಿ. ಡಾಕ್ಟರು ತಿನ್ನಬಹುದು ಎಂದಾಗ ತೆಗೆದುಕೊಳ್ಳಿ. ದೇವರು ಅಷ್ಟು ಹೊತ್ತು ಕಾಯುತ್ತಾನೆ.

ಇನ್ನೊಂದು ಮಾತನ್ನು ಮುಚ್ಚಿಡಲಾರೆ. ನೀವು ತೀರಿಕೊಂಡ ಮರುವರ್ಷ ಯಜಮಾನರು ನಿಂಬೆವ್ವ ಎಂಬುವರನ್ನು ಮದುವೆಯಾದರು. ನಾನು ಅವರಿಬ್ಬರ ಏಳನೆಯ ತಲೆಮಾರಿನವಳು. ನೀವು ಶುಕ್ರವಾರ ಹೋದರೆ ಆ ಮದುವೆ ಇಲ್ಲ, ಈ ಕಾಗದ ಬರೆದ ಕೈಯೂ ಇಲ್ಲ. ನನಗೆ ಭಯವಿದೆ.

ಆದರೂ ಬರಿಹೊಟ್ಟೆಯಲ್ಲಿ ಹೋಗಿ. ಎರಡು ದಿನ ಬಿಟ್ಟು ಮನೆಗೆ ಬಂದು ಶಿವಲೀಲಾಳಿಗೆ ಜಡೆ ಹಾಕಿ.