ಕರೆಂಟಿಲ್ಲದ ಈಜುಕೊಳದಲ್ಲಿ ಹರಿಯುತ್ತಿರುವ ಕರೆಂಟು

ಹಳೆಯ ಕಟ್ಟಡಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಮುಚ್ಚಿಹೋದ ಸಾರ್ವಜನಿಕ ಈಜುಕೊಳದ ಗೇಟಿಗೆ ನೀವು ಹೊಸ ಫಲಕ ಹಾಕಿಸಿದ್ದೀರಿ: ‘ಇಲ್ಲಿ ಛಾಯಾಗ್ರಹಣ ನಿಷೇಧಿಸಲಾಗಿದೆ.’ ಅಕ್ಷರಗಳು ದುಂಡಗಿವೆ, ಕಾಗುಣಿತ ಸರಿಯಾಗಿದೆ. ಆದರೆ ನನ್ನ ಹೆಂಡತಿ ಆ ಕಟ್ಟಡದಲ್ಲಿ ಸತ್ತದ್ದು ವಿದ್ಯುತ್ ತಗುಲಿ, ಫೋಟೋ ತಗುಲಿ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಗಾದೆಯನ್ನು ಇಷ್ಟು ಅಚ್ಚುಕಟ್ಟಾಗಿ, ಎರಡು ಕೋಟು ಬಣ್ಣ ಬಳಿದು ಗೇಟಿಗೆ ತೂಗುಹಾಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನದೊಂದು ಸಣ್ಣ ಸ್ಟುಡಿಯೋ. ಪಾಸ್‌ಪೋರ್ಟಿಗೆ, ಪರೀಕ್ಷೆಗೆ, ಗುರುತಿನ ಚೀಟಿಗೆ ಬೇಕಾದ ಮುಖಗಳನ್ನು ತೆಗೆದುಕೊಡುವುದು ಕಸುಬು. ರಜೆಯ ದಿನ ಮಾತ್ರ ನಾನೂ ನನ್ನ ಹೆಂಡತಿಯೂ ಪಾಳುಬಿದ್ದ ಕಟ್ಟಡಗಳನ್ನು ಹುಡುಕಿಕೊಂಡು ಹೋಗುತ್ತಿದ್ದೆವು. ದೀಪ ಒಯ್ಯುತ್ತಿರಲಿಲ್ಲ. ಒಡೆದ ಕಿಟಕಿಯೋ ಹಾರಿಹೋದ ಹೆಂಚೋ, ಎಲ್ಲಿಂದ ಬೆಳಕು ಬರುತ್ತದೋ ಅಲ್ಲಿ ಕಾದು ಕೂರುವುದು. ಬಿಸಿಲು ಓರೆಯಾಗಿ ಬಿದ್ದರೆ ಉದುರಿದ ಗಾರೆಯ ಒಂದೊಂದು ಪದರವೂ ಎದ್ದು ಕಾಣುತ್ತದೆ. ಫ್ಲ್ಯಾಶ್ ಹೊಡೆದರೆ ಅದೇ ಗೋಡೆ ಸುಣ್ಣ ಬಳಿದಂತೆ ಚಪ್ಪಟೆ. ನೆರಳು ದಟ್ಟವಾದ ಕಡೆ ಅವಳು ಬಿಳಿ ಬೆಡ್‌ಶೀಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದಳು. ಅದಕ್ಕೆ ಬಿದ್ದ ಬಿಸಿಲು ಪುಟಿದು ಕತ್ತಲ ಮೂಲೆಗೆ ಹೋಗುತ್ತಿತ್ತು.

“ವಾರವೆಲ್ಲ ಜನರ ಮುಖಕ್ಕೆ ಫ್ಲ್ಯಾಶ್ ಹೊಡೀತೀರಿ. ಪಾಳುಗೋಡೆಗೆ ಮಾತ್ರ ಸೂರ್ಯನೇ ಬರಬೇಕು. ಯಾವ ನ್ಯಾಯ ರೀ ಇದು?” ಎನ್ನುತ್ತಿದ್ದಳು.

“ಗೋಡೆಗೆ ಅವಸರ ಇಲ್ಲ ಕಣೇ, ಕಾಯತ್ತೆ.”

“ಗೋಡೆ ಕಾಯತ್ತೆ. ಕೈ ನೋಯೋದು ನನಗೆ. ಬೇಗ ತೆಗೀರಿ.”

ಈಜುಕೊಳಕ್ಕೆ ನಾವು ಕಳ್ಳರಂತೆ ನುಗ್ಗಲಿಲ್ಲ. ನಿಮ್ಮ ಕಚೇರಿಗೇ ಬಂದು ಒಪ್ಪಿಗೆ ಕೇಳಿದೆವು. “ಅಲ್ಲೇನಿದೆ ಅಂತ ಹೋಗ್ತೀರಿ ಸ್ವಾಮಿ? ಎಷ್ಟೋ ವರ್ಷದಿಂದ ಕರೆಂಟೇ ಇಲ್ಲ” ಎಂದರು ನಿಮ್ಮ ಗುಮಾಸ್ತರು. “ನಮಗೆ ಕರೆಂಟು ಬೇಡ, ಕಿಟಕಿ ಇದ್ದರೆ ಸಾಕು” ಎಂದಳು ಇವಳು. ಅವರೂ ನಕ್ಕರು, ಬೀಗದ ಕೈ ಕೊಟ್ಟರು. ಒಬ್ಬ ಸಜ್ಜನರ ಮಾತನ್ನು ಇನ್ನಿಬ್ಬರು ಸಜ್ಜನರು ನಂಬಿದರು. ಇದರಲ್ಲಿ ತಪ್ಪೆಲ್ಲಿದೆ ಎಂದು ನಾನು ಬಹಳ ಯೋಚಿಸಿದ್ದೇನೆ.

ಕೊಳದ ಮೇಲೆ ಗಾಜಿನ ಮಾಡು. ಧೂಳು ಹಿಡಿದ ಗಾಜಿನಿಂದ ಸೋಸಿ ಬಂದ ಬೆಳಕು ನೀಲಿ ಟೈಲ್ಸಿನ ಮೇಲೆ ಮಲಗಿತ್ತು. ಆಳದ ಕಡೆ, ಒಡೆದ ಗಾಜಿನಿಂದ ಸೋರಿದ ಒಂದಿಷ್ಟು ಮಳೆನೀರು. “ಚಿಕ್ಕೋಳಿದ್ದಾಗ ಇಲ್ಲಿಗೆ ಈಜು ಕಲಿಯೋಕೆ ಬರ್ತಿದ್ದೆ. ಈಜು ಬರ್ಲಿಲ್ಲ, ನೀರು ಕುಡಿಯೋದು ಮಾತ್ರ ಚೆನ್ನಾಗಿ ಬಂತು” ಎನ್ನುತ್ತ ಚಪ್ಪಲಿ ಬಿಟ್ಟು, ಬೆಡ್‌ಶೀಟು ಹೆಗಲಿಗೇರಿಸಿ ಮೆಟ್ಟಿಲಿಳಿದಳು. ಆಚೀಚೆ ನಿಂತು ನೋಡಿದಳು. “ಇಲ್ಲಿಂದ ಚೆನ್ನಾಗಿ ಬೀಳತ್ತೆ ನೋಡಿ” ಎಂದು ಆ ನೀರಿಗೆ ಕಾಲಿಟ್ಟಳು.

ಬೆಡ್‌ಶೀಟು ಮೊದಲು ಬಿತ್ತು. ಆಮೇಲೆ ಅವಳು. ಕೂಗಲಿಲ್ಲ. ನಾನು ಓಡಿಹೋಗಿ ನೀರಿಗೆ ಕಾಲಿಡುತ್ತಲೇ ಯಾರೋ ಸೊಂಟ ಹಿಡಿದು ಎಸೆದಂತಾಯಿತು. ಒಣ ಟೈಲ್ಸಿನ ಕಡೆಗೆ ಬಿದ್ದೆ. ಈ ಪತ್ರವನ್ನು ನಾನು ಬರೆಯುತ್ತಿರುವುದು ಅದೊಂದೇ ಕಾರಣಕ್ಕೆ. ಕೊಳದ ಒಳದೀಪಗಳಿಗೆಂದು ಹಿಂದೆ ಯಾವಾಗಲೋ ಎಳೆದಿದ್ದ ತಂತಿ ಗೋಡೆಯಿಂದ ಕಳಚಿ ಆ ನೀರಿನಲ್ಲಿ ಬಿದ್ದುಕೊಂಡಿತ್ತು. ಬೀದಿಯ ಕಂಬದಲ್ಲಿ ಲೈನು ತೆಗೆಸಿ ಅವಳನ್ನು ಮೇಲೆತ್ತಿದರು. ಸಂಜೆಗೆ ಬೀದಿಯವರಿಗೆ ಕರೆಂಟು ಬೇಕಲ್ಲ, ಲೈನನ್ನು ಮತ್ತೆ ಜೋಡಿಸಿದರು. ಕೊಳದ ತಂತಿ ಅಲ್ಲೇ ಉಳಿಯಿತು.

ಆಸ್ಪತ್ರೆಯಲ್ಲಿ ಅವಳದೊಂದು ಫೋಟೋ ಕೇಳಿದರು. ಕಸುಬಿನಿಂದ ಫೋಟೋಗ್ರಾಫರ್ ನಾನು, ಹುಡುಕಿದೆ. ಎಲ್ಲ ಚಿತ್ರಗಳಲ್ಲೂ ಕಟ್ಟಡಗಳಿದ್ದವು. ಅಂಚಿನಲ್ಲೆಲ್ಲೋ ಬಿಳಿ ಬಟ್ಟೆ, ಅದನ್ನು ಹಿಡಿದ ಬೆರಳು. ಮುಖ ಒಂದರಲ್ಲೂ ಇರಲಿಲ್ಲ. ಕೊನೆಗೆ ಅವಳಕ್ಕ ಯಾವುದೋ ಹಳೆಯದನ್ನು ತಂದುಕೊಟ್ಟರು. “ಒಂದ್ಸಲ ಅತ್ತುಬಿಡಿ, ಎದೆ ಹಗುರಾಗತ್ತೆ” ಎಂದರು. ಅವರ ಮನಸ್ಸು ನೋಯಬಾರದೆಂದು ಪ್ರಯತ್ನಪಟ್ಟೆ. ಬರಲಿಲ್ಲ. ಸ್ಟುಡಿಯೋ ತೆರೆದಿದ್ದೇನೆ. ಬಂದವರಿಗೆ ಗದ್ದ ಸ್ವಲ್ಪ ಮೇಲೆತ್ತಿ ಎನ್ನುತ್ತೇನೆ, ಎತ್ತುತ್ತಾರೆ. ಹಸಿವಾಗುತ್ತದೆ, ನಿದ್ದೆ ಬರುತ್ತದೆ. ನನಗೇನೂ ಆಗಿಲ್ಲವೇನೋ ಎಂದು ಅನುಮಾನ ಬರುವಷ್ಟು ಚೆನ್ನಾಗಿದ್ದೇನೆ.

ವೈದ್ಯರು ‘ವಿದ್ಯುತ್ ತಗುಲಿ ಸಾವು’ ಎಂದು ಬರೆದರು. ನಿಮ್ಮ ವರದಿ ‘ಕಾಲು ಜಾರಿ ಬಿದ್ದು’ ಎನ್ನುತ್ತದೆ. ಕಟ್ಟಡದಲ್ಲಿ ವಿದ್ಯುತ್ತೇ ಇಲ್ಲದಿರುವಾಗ ಅದು ತಗುಲುವುದಾದರೂ ಹೇಗೆ? ತರ್ಕವೇನೋ ಗಟ್ಟಿಯಾಗಿದೆ. ಸತ್ತವಳೊಬ್ಬಳು ಮಾತ್ರ ಅದಕ್ಕೆ ಹೊಂದಿಕೊಳ್ಳಲಿಲ್ಲ.

ನಾನು ಅಷ್ಟಕ್ಕೇ ಸುಮ್ಮನಿರುತ್ತಿದ್ದೆ. ಜಗಳಕ್ಕೆ ಬೇಕಾದ ಬಿಸಿ ನನ್ನಲ್ಲಿ ಉಳಿದಿಲ್ಲ. ಆದರೆ ಹೋದ ವಾರ ಆ ದಾರಿಯಲ್ಲಿ ಹೋಗುವಾಗ ನಿಮ್ಮ ಫಲಕ ಕಂಡು ನಿಂತೆ. ಹೊಸ ಕಾವಲುಗಾರ ಗೇಟಿನೊಳಗೆ ಕುರ್ಚಿ ಹಾಕಿಕೊಂಡಿದ್ದ, ಮಧ್ಯವಯಸ್ಸಿನವನು. ಹಳೆಯ ಟಿಕೆಟ್ ಕೋಣೆಯ ಗೋಡೆಯಿಂದ ಒಂದು ವೈರು ಅವನ ಮೊಬೈಲಿಗೆ ಬಂದಿತ್ತು.

“ಕರೆಂಟಿದೆಯಾ ಇಲ್ಲಿ?” ಎಂದೆ.

“ಭರ್ಜರಿಯಾಗಿದೆ ಸಾರ್. ನಮ್ಮನೇಲಾದ್ರೂ ಹೋಗತ್ತೆ, ಇಲ್ಲಿ ಹೋಗಲ್ಲ.”

“ಕೊಳದ ಹತ್ತಿರ ಹೋಗಬೇಡಪ್ಪ.”

“ಅಯ್ಯೋ ಗೊತ್ತು ಸಾರ್. ಯಾರೋ ಹೆಂಗಸು ಫೋಟೋ ತೆಗೆಯೋ ಹುಚ್ಚಿಗೆ ಜಾರಿಬಿದ್ದು ಸತ್ತಳಂತೆ. ಆಫೀಸಿನವರೇ ಹೇಳಿದ್ರು. ನನಗೆ ಆ ಭಯ ಇಲ್ಲ, ದಿನಾ ಅಲ್ಲೇ ಕೈಕಾಲು ತೊಳ್ಕೊತೀನಿ. ಮೇಲಿನ ಮೆಟ್ಟಿಲಲ್ಲಿ ನಿಂತು ಪ್ಲಾಸ್ಟಿಕ್ ಜಗ್ಗಲ್ಲಿ ಮೊಗೆದ್ರೆ ಆಯ್ತು. ಈಗ ನೀರೂ ಜಾಸ್ತಿ ಆಗಿದೆ.”

“ಜಾರಿಬಿದ್ದದ್ದಲ್ಲ. ಆ ನೀರಿಗೆ ಕರೆಂಟು ಬಂದಿತ್ತು. ಅವಳು ನನ್ನ ಹೆಂಡತಿ” ಎಂದೆ.

 ಅವನು ಎದ್ದು ವೈರು ಕಿತ್ತ. ಕಿತ್ತ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. “ನನಗೆ ಯಾರೂ ಹೇಳಲಿಲ್ಲವಲ್ಲ ಸಾರ್” ಎಂದ. ಅವನ ದನಿ ನಡುಗುತ್ತಿತ್ತು. ನನ್ನದು ನಡುಗಲಿಲ್ಲ.

ಅಂದೇ ವಿದ್ಯುತ್ ಕಚೇರಿಗೆ ಹೋದೆ. ಕಟ್ಟಡದ ಒಡೆಯರು ಬರೆದುಕೊಟ್ಟರೆ ಮಾತ್ರ ಲೈನು ತೆಗೆಯುತ್ತೇವೆ ಎಂದರು. ಒಡೆಯರೆಂದರೆ ನೀವು. ನಿಮ್ಮಲ್ಲಿಗೆ ಬಂದೆ. “ಇಲ್ಲದ ಕರೆಂಟನ್ನ ತೆಗೀರಿ ಅಂತ ಹೇಗ್ರೀ ಬರೆಯೋದು? ಬರೆದ್ರೆ ಇತ್ತು ಅಂತ ಒಪ್ಪಿಕೊಂಡ ಹಾಗಾಗಲ್ವಾ?” ಎಂದರು ನಿಮ್ಮ ಸಹಾಯಕರು. ಅವರನ್ನು ಬೈಯಬೇಡಿ. ನಿಮ್ಮ ಕಚೇರಿಯಲ್ಲಿ ನನಗೆ ಸಿಕ್ಕ ಒಂದೇ ನಿಜವಾದ ವಾಕ್ಯ ಅದು.

ಮಾನ್ಯರೇ, ಒಪ್ಪಿಕೊಂಡರೆ ಏನಾಗುತ್ತದೆಂದು ನೀವು ಅಂಜುತ್ತಿದ್ದೀರಿ? ನಾನು ಪರಿಹಾರ ಕೇಳುವುದಿಲ್ಲ. ಯಾರ ಕುರ್ಚಿಯೂ ನನಗೆ ಬೇಡ. ಬೇಕಿದ್ದರೆ ಅವಳು ಜಾರಿಯೇ ಬಿದ್ದಳೆಂದು ಇನ್ನೊಂದು ಪ್ರತಿ ಬರೆದಿಟ್ಟುಕೊಳ್ಳಿ. ಅವಳಿಗೆ ಅದರಿಂದ ಆಗಬೇಕಾದ್ದೇನಿಲ್ಲ. ಆದರೆ ಆ ಲೈನು ತೆಗೆಸಿ. ಈ ಪತ್ರ ಪತ್ರಿಕೆಯಲ್ಲಿ ಅಚ್ಚಾದ ದಿನವೇ ತೆಗೆಸಿ. ಕಾವಲುಗಾರ ನಿನ್ನೆ ನನ್ನ ಸ್ಟುಡಿಯೋಗೆ ಬಂದಿದ್ದ. ಕೆಲಸ ಬಿಡುತ್ತೇನೆಂದರೆ ಬದಲಿಗೆ ಇನ್ನೊಬ್ಬನನ್ನು ಕಳಿಸುತ್ತೇವೆ ಎಂದಿರಂತೆ. ಆ ಇನ್ನೊಬ್ಬನಿಗೆ ಯಾರು ಹೇಳುತ್ತಾರೆ? ನಾನು ದಿನವೂ ಗೇಟಿನ ಹತ್ತಿರ ಹೋಗಿ ನಿಲ್ಲಲೇ?

ನಿಲ್ಲಬಲ್ಲೆ. ರಜೆಯ ದಿನ ನನಗೆ ಬೇರೆ ಕೆಲಸವೂ ಉಳಿದಿಲ್ಲ.

ಇಂತಿ,
ನಿಮ್ಮ ವರದಿಯಲ್ಲಿ ‘ಸ್ಥಳದಲ್ಲಿದ್ದ ಇನ್ನೊಬ್ಬ ವ್ಯಕ್ತಿ’ ಎಂದಷ್ಟೇ ನಮೂದಾಗಿರುವ,
ಅವಳ ಗಂಡ